ಬಾಲ್‌ಪೆನ್ನಿನ ಚೀಟಿ, ಎರಡು ಹಳ್ಳ, ಒಂದು ಗಂಡು ಹುಳ

ಧಾರವಾಡದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ, ಮೇಜಿನ ಮೇಲೆ ಎರಡು ಸಣ್ಣ ಗಾಜಿನ ಸೀಸೆ. ಎರಡರಲ್ಲೂ ಒಂದೊಂದು ಗಂಡು ಸ್ಟೋನ್‌ಫ್ಲೈ. ಮೊದಲನೆಯದು ನೋಡೋಕೇ ಚಂದ. ಕಾಲು ಆರೂ ಇವೆ, ಮೀಸೆ ಎರಡೂ ಪೂರ್ತಿ ಇವೆ, ಪ್ರಭೇದ ಗುರುತಿಸೋಕೆ ಬೇಕಾದ ಜನನಾಂಗ ಪೂರ್ತಿ ಹೊರಗೆ ಚಾಚಿಕೊಂಡಿದೆ, ಚಿತ್ರ ಬರೆಯೋರಿಗೆ ಅಂತಲೇ ಪೋಸ್ ಕೊಟ್ಟ ಹಾಗೆ. ಎರಡನೆಯದಕ್ಕೆ ಒಂದು ಕಾಲಿಲ್ಲ. ಒಂದು ಮೀಸೆ ಅರ್ಧಕ್ಕೇ ಮುರಿದಿದೆ. ಜನನಾಂಗ ಒಳಗೇ ಸೆಟೆದು ಕೂತಿದೆ. ಹೊಸ ಪ್ರಭೇದ ಅಂತ ವಿವರಣೆ ಬರೆಯುವಾಗ ಒಂದೇ ಒಂದು ಹುಳವನ್ನು ಹಾಲೋಟೈಪ್ ಅಂತ ಆರಿಸಬೇಕು. ಮುಂದೆ ಆ ಹೆಸರು ಆ ಒಂದು ಹುಳಕ್ಕೇ ಕಟ್ಟಿಕೊಂಡಿರುತ್ತದೆ. ಯಾರಾದರೂ ಮೊದಲನೆಯದನ್ನೇ ಆರಿಸುತ್ತಾರೆ, ಅಲ್ವಾ?

ಆದರೆ ಆ ಸೀಸೆಯೊಳಗಿನ ಚೀಟಿ ಖಾಲಿ ಇತ್ತು. ಬಾಲ್‌ಪೆನ್ನಿನಲ್ಲಿ ಬರೆದದ್ದೆಲ್ಲ ಆಲ್ಕೋಹಾಲಿನಲ್ಲಿ ಕರಗಿ ಕಾಗದ ತೊಳೆದ ಹಾಗೆ ಬೆಳ್ಳಗಾಗಿತ್ತು. ಯಾವ ಹಳ್ಳ, ಯಾವ ತಾರೀಕು, ಯಾರು ಹಿಡಿದದ್ದು, ಒಂದೂ ಇಲ್ಲ. ಆ ಚೀಟಿಯಿಂದಾಗಿ ನಮಗೆ ಒಂದು ವರ್ಷ ತಡವಾಯಿತು, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಹುಳಕ್ಕೆ ಇಟ್ಟ ಹೆಸರನ್ನು ಇಲ್ಲಿ ಹೇಳೋದಿಲ್ಲ, ಹಳ್ಳದ ಹೆಸರನ್ನೂ ಹೇಳೋದಿಲ್ಲ. ಗುಟ್ಟು ಅಂತೇನಲ್ಲ. ಸರಿಯಾದ ವಿವರಣೆ ಇಲ್ಲದೆ ಹೆಸರು ಮಾತ್ರ ಎಲ್ಲಾದರೂ ಅಚ್ಚಾದರೆ ಅದನ್ನು ಬರೀ ಹೆಸರು ಅಂತ ಲೆಕ್ಕ ಹಾಕುತ್ತಾರೆ, ಲ್ಯಾಟಿನ್‌ನಲ್ಲಿ ನೋಮೆನ್ ನೂಡಮ್. ಅಂದರೆ ಬತ್ತಲೆ ಹೆಸರು. ಅದಕ್ಕೆ ಮಾನ್ಯತೆ ಇಲ್ಲ, ಆಮೇಲೆ ಬರುವವರಿಗೆ ಸುಮ್ನೆ ಗೊಂದಲ. ಪೇಪರ್ ಹೊರಬಂದ ಮೇಲೆ ಹೇಳುತ್ತೇನೆ.

ಹುಳ ಯಾವುದು

ಕನ್ನಡದಲ್ಲಿ ಇದಕ್ಕೆ ಜನ ಬಳಸುವ ಹೆಸರು ನನಗಂತೂ ಸಿಕ್ಕಿಲ್ಲ. ಹಳ್ಳದ ದಂಡೆಯವರನ್ನು ಕೇಳಿದರೆ "ಕಲ್ಲಡಿ ಹುಳ" ಅಂತಾರೆ, ಕಲ್ಲಿನಡಿ ಇರುವ ಬೇರೆ ಹುಳಕ್ಕೂ ಅದನ್ನೇ ಅಂತಾರೆ. "ಕಲ್ಲುನೊಣ" ಅಂತ ಅನುವಾದ ಮಾಡಬಹುದು, ಆದರೆ ಇದು ನೊಣವೇ ಅಲ್ಲ. ನೊಣಕ್ಕೆ ರೆಕ್ಕೆ ಎರಡು, ಇದಕ್ಕೆ ನಾಲ್ಕು. ಹಿಂದಿನ ರೆಕ್ಕೆ ಅಗಲ, ಅದನ್ನು ಸೀರೆಯ ನೆರಿಗೆ ಹಾಗೆ ಮಡಚಿ ಮುಂದಿನ ರೆಕ್ಕೆಯ ಕೆಳಗೆ ಇಟ್ಟುಕೊಳ್ಳುತ್ತದೆ. 1839ರಲ್ಲಿ ಬುರ್ಮೈಸ್ಟರ್ ಈ ಗಣಕ್ಕೆ ಪ್ಲೆಕಾಪ್ಟೆರಾ ಅಂತ ಹೆಸರಿಟ್ಟದ್ದು ಈ ಮಡಿಕೆ ನೋಡಿಯೇ. ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಇವೆ, ಜಗತ್ತಿನಲ್ಲಿ 3,500ಕ್ಕಿಂತ ಜಾಸ್ತಿ ಪ್ರಭೇದಗಳಿಗೆ ಹೆಸರಿದೆ.

ಇದರ ಬದುಕಿನ ಬಹುಪಾಲು ನೀರೊಳಗೇ, ಮರಿಯಾಗಿ. ನಾವು ಹಿಡಿದದ್ದು ಪರ್ಲಿಡೆ ಕುಟುಂಬದ್ದು. ಇದರ ಮರಿ ಬೇಟೆಗಾರ, ಬೇರೆ ಹುಳಗಳ ಮರಿಗಳನ್ನು ಹಿಡಿದು ತಿನ್ನುತ್ತದೆ. ಎದೆಯ ಎರಡೂ ಪಕ್ಕ, ಕಾಲಿನ ಬುಡದಲ್ಲಿ, ಕವಲೊಡೆದ ದಾರದ ಗೊಂಚಲಿನಂಥ ಕಿವಿರುಗಳಿರುತ್ತವೆ. ಮೇಫ್ಲೈ ಮರಿಗೂ ಇದಕ್ಕೂ ವಿದ್ಯಾರ್ಥಿಗಳು ಗೊಂದಲ ಮಾಡಿಕೊಳ್ಳುತ್ತಾರೆ. ಅವರಿಗೆ ನಾನು ಬಾಲ ಎಣಿಸಿ, ಉಗುರು ನೋಡಿ ಅಂತ ಹೇಳುತ್ತೇನೆ. ಸ್ಟೋನ್‌ಫ್ಲೈಗೆ ಎರಡು ಬಾಲ, ಕಾಲಿನ ತುದಿಗೆ ಎರಡೆರಡು ಉಗುರು. ಮೇಫ್ಲೈಗೆ ಬಾಲ ಹೆಚ್ಚಾಗಿ ಮೂರು, ಉಗುರು ಒಂದೇ.

ಕೆಟ್ಟ ನೀರಿನಲ್ಲಿ ಇದು ಬದುಕೋದಿಲ್ಲ. ತಣ್ಣಗಿರಬೇಕು, ಹರಿಯುತ್ತಿರಬೇಕು, ಆಮ್ಲಜನಕ ಜಾಸ್ತಿ ಇರಬೇಕು. ಅದಕ್ಕೇ ನೀರಿನ ಗುಣ ಅಳೆಯುವ ಬಿಎಂಡಬ್ಲ್ಯುಪಿ ಪದ್ಧತಿಯಲ್ಲಿ ಪರ್ಲಿಡೆಗೆ ಹತ್ತಕ್ಕೆ ಹತ್ತು ಅಂಕ. ಹುಬ್ಬಳ್ಳಿಯ ಉಣಕಲ್ ನಾಲಾಕ್ಕೆ ಜಾಲರಿ ಹಾಕಿದರೆ ಕೆಂಪು ದಾರದಂಥ ಕೈರೊನೊಮಿಡ್ ಮರಿ ಬರುತ್ತವೆ, ಅವಕ್ಕೆ ಎರಡೇ ಅಂಕ. ಅವುಗಳ ಮೈಯಲ್ಲೇ ಹಿಮೋಗ್ಲೋಬಿನ್ ಇರೋದರಿಂದ ಉಸಿರು ಕಟ್ಟುವ ನೀರಲ್ಲೂ ಬದುಕುತ್ತವೆ. ನಮ್ಮ ಊರಿನ ನೀರಿನ ಕತೆ ಇಷ್ಟೇ. ಹೀಗಾಗಿ ಸ್ಟೋನ್‌ಫ್ಲೈ ಬೇಕಂದರೆ ಧಾರವಾಡದವರು ಹಳಿಯಾಳ ದಾಟಿ ಘಟ್ಟದ ಕಡೆ ಹೋಗಲೇಬೇಕು.

ಎರಡು ರಾತ್ರಿ, ಒಂದು ಧೋತರ

ಹೊಸ ಪ್ರಭೇದ ಹುಡುಕೋಕೆ ಅಂತ ನಾವು ಹೋದದ್ದಲ್ಲ. ಹಾನಗಲ್ ಕಡೆಯ ಒಬ್ಬ ಎಂಎಸ್ಸಿ ಹುಡುಗಿಯ ಪ್ರಾಜೆಕ್ಟ್ ಇತ್ತು, ಘಟ್ಟದ ಹಳ್ಳಗಳ ನೀರಿನ ಗುಣವನ್ನು ಹುಳಗಳಿಂದ ಅಳೆಯೋದು. ನವೆಂಬರ್ ತಿಂಗಳು, ಮಳೆ ಪೂರ್ತಿ ನಿಂತಿತ್ತು. ಬ್ಯಾಗಿನಲ್ಲಿ ಅನುಮತಿ ಪತ್ರದ ನಕಲು, ಜಾಲರಿ, ಸೀಸೆ, ಅವಲಕ್ಕಿ. ಮೊದಲ ದಿನ ಜೋಯಿಡಾ ತಾಲೂಕಿನಲ್ಲಿ ಕಾಳಿ ನದಿಗೆ ಸೇರುವ ಒಂದು ಹಳ್ಳ. ಎರಡನೇ ದಿನ ಯಲ್ಲಾಪುರದ ಕಡೆ, ಬೇಡ್ತಿಗೆ ಸೇರುವ ಇನ್ನೊಂದು.

ಹಗಲು ಕಲ್ಲು ಎತ್ತಿ ಕಾಲಿಂದ ಕದಡಿ ಮರಿ ಹಿಡಿದೆವು. ಆದರೆ ಮರಿ ನೋಡಿ ಇದು ಯಾವ ಪ್ರಭೇದ ಅಂತ ಹೇಳೋಕೆ ಬರೋದಿಲ್ಲ, ಬಹಳ ಆದರೆ ಕುಲದವರೆಗೆ ಹೋಗಬಹುದು. ಅದಕ್ಕೆ ಬಲಿತ ಗಂಡು ಬೇಕು. ಹಾಗಾಗಿ ಸಂಜೆಯಾದ ಮೇಲೆ ಎರಡು ಮರಗಳ ನಡುವೆ ನಮ್ಮಪ್ಪನ ಹಳೇ ಧೋತರ ಕಟ್ಟಿ ಅದರ ಮುಂದೆ ಬ್ಯಾಟರಿಯ ಯುವಿ ಲೈಟ್ ಇಟ್ಟೆವು. ಪತಂಗ ಬಂತು, ಜೀರುಂಡೆ ಬಂತು, ಸ್ಟೋನ್‌ಫ್ಲೈ ಕೂಡ ಬಂದು ಧೋತರದ ಮೇಲೆ ದಡಬಡ ಓಡಾಡಿದವು. ಒಂದೊಂದನ್ನೂ ಬೇರೆ ಬೇರೆ ಸೀಸೆಗೆ ಹಾಕಿದೆವು. ಕೆಲವದರ ಹೊಟ್ಟೆಯನ್ನು ಜೀವಂತ ಇದ್ದಾಗಲೇ ಚಿಮಟದಿಂದ ಮೆತ್ತಗೆ ಒತ್ತಿ ಆಲ್ಕೋಹಾಲಿಗೆ ಬಿಟ್ಟೆವು, ಗಂಡಾಗಿದ್ದರೆ ಜನನಾಂಗ ಹೊರಗೆ ಬರಲಿ ಅಂತ. ಚಂದದ ಆ ಹುಳ ಹಾಗೆ ಒತ್ತಿದವುಗಳಲ್ಲಿ ಒಂದು.

ಚೀಟಿ ಬರೆಯೋ ಕೆಲಸ ಹುಡುಗಿಯದ್ದು. ಮೊದಲ ರಾತ್ರಿ ಅರ್ಧದಲ್ಲಿ ಪೆನ್ಸಿಲ್ ತುದಿ ಮುರಿಯಿತು, ಶಾರ್ಪ್‌ನರ್ ಇರಲಿಲ್ಲ. ಉಳಿದದ್ದಕ್ಕೆ ಕಿಸೆಯಲ್ಲಿದ್ದ ಬಾಲ್‌ಪೆನ್. ಮಾರನೇ ದಿನ ಯಾರದೋ ಅಂಗಡಿಯಲ್ಲಿ ಬ್ಲೇಡು ಸಿಕ್ಕಿ ಪೆನ್ಸಿಲ್ ಕೆತ್ತಿಕೊಂಡಳು, ರಾತ್ರಿ ಎಲ್ಲಿಯೋ ಬಿದ್ದುಹೋಯಿತು, ಮತ್ತೆ ಬಾಲ್‌ಪೆನ್. ನಾನು ಪಕ್ಕದಲ್ಲೇ ಟಾರ್ಚ್ ಹಿಡಿದುಕೊಂಡು ನಿಂತಿದ್ದೆ, ನೋಡಿದೆ, ಏನೂ ಹೇಳಲಿಲ್ಲ. ತಪ್ಪು ಅವಳದ್ದಕ್ಕಿಂತ ನನ್ನದೇ ಜಾಸ್ತಿ.

ಎರಡನೇ ದಿನದ ಮರಿಗಳಲ್ಲಿ ರೆಕ್ಕೆಯ ಮೊಗ್ಗು ಕಪ್ಪಾದವನ್ನು ಆರಿಸಿ ಐಸ್ ಬಾಕ್ಸಿನಲ್ಲಿ ಧಾರವಾಡಕ್ಕೆ ತಂದೆವು. ಮೊಗ್ಗು ಕಪ್ಪಾಗಿದೆ ಅಂದರೆ ಇನ್ನೇನು ಪೊರೆ ಬಿಡುತ್ತದೆ ಅಂತ ಅರ್ಥ. ಲ್ಯಾಬಿನಲ್ಲಿ ಪೊರೆ ಬಿಟ್ಟರೆ ಈ ಮರಿಯೇ ಈ ಬಲಿತ ಹುಳ ಅನ್ನೋದಕ್ಕೆ ಸಾಕ್ಷಿ ಸಿಗುತ್ತದೆ. ಪೊರೆಯನ್ನೂ ಹುಳವನ್ನೂ ಒಂದೇ ಸೀಸೆಯಲ್ಲಿ ಇಟ್ಟರಾಯಿತು. ಟ್ರೇಯಲ್ಲಿ ಹಳ್ಳದ ಕಲ್ಲು ಹಾಕಿ, ಮೀನಿನ ತೊಟ್ಟಿಗೆ ಹಾಕುವ ಗಾಳಿ ಪಂಪು ಬಿಟ್ಟೆವು. ನಾಲ್ಕನೇ ದಿನ ರಾತ್ರಿ ಕರೆಂಟ್ ಹೋಯಿತು. ಬೆಳಗ್ಗೆ ಬಾಗಿಲು ತೆಗೆದಾಗ ಉಳಿದ ಕೆಲವು ಮರಿಗಳು ಕಲ್ಲಿನ ಮೇಲೆ ಕಾಲೂರಿ ಮೈಯನ್ನು ಮೇಲೆ ಕೆಳಗೆ ಮಾಡುತ್ತಿದ್ದವು, ಥೇಟ್ ಗರಡಿ ಮನೆಯಲ್ಲಿ ದಂಡ ಹೊಡೆದ ಹಾಗೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದಾಗ ಕಿವಿರಿನ ಮೇಲೆ ನೀರು ಆಡಲಿ ಅಂತ ಹೀಗೆ ಮಾಡುತ್ತವೆ. ಹುಡುಗಿ ಅಟೆಂಡರ್ ಕಾಕಾ ಜತೆ ಸೇರಿ ರಟ್ಟಿನಿಂದ ಗಾಳಿ ಹಾಕಿದಳು, ಚಮಚೆಯಿಂದ ನೀರು ಎತ್ತಿ ಎತ್ತಿ ಸುರಿದಳು. ಒಂದು ಬದುಕಿತು. ಅದೇ ವಾರ ಪೊರೆ ಬಿಟ್ಟಿತು. ಹೆಣ್ಣು.

ಗಂಡು ಬಂದಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ.

ಹೊಸದು ಅಂತ ಅನುಮಾನ ಬಂದದ್ದು

ಹಣೆಯ ಮೇಲೆ ಮೂರು ಒಂಟಿ ಕಣ್ಣಿನ ಬದಲು ಎರಡೇ ಇದ್ದವು, ಉಳಿದ ಲಕ್ಷಣಗಳೂ ಕೂಡಿ ಬಂದವು, ಹಾಗಾಗಿ ಕುಲ ನಿಯೋಪರ್ಲಾ ಅಂತ ಬೇಗ ಗೊತ್ತಾಯಿತು. ಕಷ್ಟ ಶುರುವಾದದ್ದು ಅಲ್ಲಿಂದ. ಸ್ಟೋನ್‌ಫ್ಲೈಗಳಲ್ಲೇ ಅತಿ ಹೆಚ್ಚು ಪ್ರಭೇದಗಳಿರುವ ಕುಲ ಇದು. ಹೊರಗಿನಿಂದ ನೋಡಿದರೆ ಒಂದಕ್ಕೊಂದು ಅಣ್ಣ ತಮ್ಮಂದಿರ ಹಾಗೆ ಇರುತ್ತವೆ.

ಮೊದಲು ನಾವು ಬಣ್ಣಕ್ಕೆ ಮೋಸ ಹೋದೆವು. ಬೇಡ್ತಿ ಕಡೆಯವುಗಳಲ್ಲಿ ಕೆಲವು ಕಂದು, ಕೆಲವು ಪೂರ್ತಿ ಹಳದಿ. ಹುಡುಗಿ ಖುಷಿಯಿಂದ "ಸರ್, ಎರಡು ಹೊಸಾ ಜಾತಿ ಅದಾವ್ರಿ" ಅಂದಳು. ಒಂದೂ ಗ್ಯಾರಂಟಿ ಇಲ್ಲ, ಎರಡು ಬೇರೆ! ಆಮೇಲೆ ಲ್ಯಾಬಿನ ಹೆಣ್ಣನ್ನು ನೋಡಿಯೇ ಬುದ್ಧಿ ಬಂತು. ಪೊರೆ ಬಿಟ್ಟಾಗ ಅದು ಮೊಸರಿನ ಬಣ್ಣಕ್ಕಿತ್ತು, ಹೊತ್ತು ಹೋದ ಹಾಗೆ ಕಂದಾಯಿತು. ಧೋತರಕ್ಕೆ ಬಂದ ಹಳದಿಯವು ಆಗ ತಾನೇ ಪೊರೆ ಬಿಟ್ಟವು, ಅಷ್ಟೇ.

ಬಣ್ಣ ಬಿಟ್ಟರೆ ಉಳಿಯೋದು ಗಂಡಿನ ಹೊಟ್ಟೆಯ ತುದಿ. ಏಳನೇ ಎಂಟನೇ ಖಂಡದ ಮೇಲಿನ ಉಬ್ಬು, ಹತ್ತನೇ ಖಂಡದ ಕೊಕ್ಕೆ, ಎಲ್ಲಕ್ಕಿಂತ ಮುಖ್ಯವಾಗಿ ಒಳಗಿನ ಮೆತ್ತನೆಯ ಜನನಾಂಗ. ಅದು ಕಾಲುಚೀಲವನ್ನು ಒಳಮಗ್ಗಲು ಮಾಡಿ ಇಟ್ಟ ಹಾಗೆ ಒಳಗಿರುತ್ತದೆ. ಹೊರಗೆ ತಿರುಗಿಸಿದರೆ ಚೀಲದ ಮೇಲೆ ಸಣ್ಣ ಸಣ್ಣ ಮುಳ್ಳುಗಳು ಕಾಣುತ್ತವೆ, ಅವು ಎಷ್ಟು ಸಾಲು, ಎಲ್ಲಿ ಶುರು, ಎಲ್ಲಿ ದಪ್ಪ, ಎಲ್ಲಿ ಬೋಳು ಅನ್ನೋದರ ಮೇಲೆ ಪ್ರಭೇದ ತೀರ್ಮಾನ. ಏಷ್ಯಾದ ನಿಯೋಪರ್ಲಾಗಳನ್ನು ಈ ರೀತಿ ಕ್ರಮವಾಗಿ ನೋಡೋದನ್ನು 1980ರ ದಶಕದಲ್ಲಿ ಜರ್ಮನಿಯ ಪೀಟರ್ ಜ್ವಿಕ್ ಗಟ್ಟಿಯಾಗಿ ತಳವೂರಿಸಿದರು. ಚಂದದ ಹುಳದ ಮುಳ್ಳಿನ ವಿನ್ಯಾಸ ನಮಗೆ ಸಿಕ್ಕ ಯಾವ ಚಿತ್ರಕ್ಕೂ ಹೊಂದಲಿಲ್ಲ.

ಆದರೆ ಚಿತ್ರಕ್ಕೆ ಹೊಂದಲಿಲ್ಲ ಅಂದರೆ ಹೊಸದು ಅಂತಲ್ಲ. ಚಿತ್ರವೇ ಇಲ್ಲದ ಹಳೇ ಹೆಸರುಗಳಿವೆ. ಇಪ್ಪತ್ತನೇ ಶತಮಾನದ ಮೊದಲಲ್ಲಿ ಸ್ಪೇನಿನ ಪಾದ್ರಿ ಲೊಂಗಿನೋಸ್ ನವಾಸ್, ಜರ್ಮನಿಯ ಗುಂಟರ್ ಎಂಡರ್‌ಲೈನ್ ಇವರೆಲ್ಲ ತಮಗೆ ದೂರ ದೇಶಗಳಿಂದ ಬಂದ ಹುಳಗಳಿಗೆ ಹೆಸರಿಟ್ಟರು. ಆ ಕಾಲದ ವಿವರಣೆ ಎಷ್ಟೋ ಸಲ ಕೆಲವೇ ಸಾಲು: ತಲೆ ಹಳದಿ, ರೆಕ್ಕೆ ಮಸುಕು. ಬಣ್ಣದ ಕತೆ ಈಗಷ್ಟೇ ಹೇಳಿದೆನಲ್ಲ. ನವಾಸರ ಹೆಸರುಗಳಲ್ಲಿ ಎಷ್ಟೋ ಆಮೇಲೆ ಬೇರೆ ಹೆಸರುಗಳಲ್ಲಿ ಸೇರಿಹೋದವು. ಆದರೂ ಹಳೇ ಹೆಸರನ್ನು ಬಿಟ್ಟು ಮುಂದೆ ಹೋಗೋಕೆ ಬರೋದಿಲ್ಲ. ಪ್ರಾಣಿಗಳ ಹೆಸರಿನ ನಿಯಮದಲ್ಲಿ ಮೊದಲು ಇಟ್ಟವನದ್ದೇ ಮೇಲುಗೈ, ಲಿನೇಯಸ್‌ನ 1758ರ ಪುಸ್ತಕದಿಂದ ಲೆಕ್ಕ ಶುರು.

ನಮಗೆ ಎರಡು ಹಳೇ ಹೆಸರು ಅಡ್ಡ ಬಂದವು. ಒಂದರ ಮೂಲ ಮಾದರಿಯ ಫೋಟೋವನ್ನು ಯುರೋಪಿನ ಒಂದು ಮ್ಯೂಸಿಯಮ್ಮಿನವರು ಕೇಳಿದ ವಾರಕ್ಕೇ ಕಳಿಸಿದರು. ಗಂಡು, ಹತ್ತನೇ ಖಂಡದ ಕೊಕ್ಕೆಯೇ ಬೇರೆ ಆಕಾರ, ಮುಗಿಯಿತು. ಇನ್ನೊಂದರ ಮೂಲ ಮಾದರಿ ಹೆಣ್ಣು. ಇಲ್ಲಿ ಲ್ಯಾಬಿನಲ್ಲಿ ಹುಟ್ಟಿದ ನಮ್ಮ ಹೆಣ್ಣು ಉಪಕಾರಕ್ಕೆ ಬಂತು. ನಿಯೋಪರ್ಲಾ ಮೊಟ್ಟೆಗಳಿಗೆ ಸಾಮಾನ್ಯವಾಗಿ ಒಂದು ತುದಿಗೆ ಕಾಲರ್ ಇರುತ್ತದೆ, ಸಿಪ್ಪೆಯ ಮೇಲೆ ಗೆರೆ, ಕುಳಿಗಳ ವಿನ್ಯಾಸ ಇರುತ್ತದೆ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಸೂತಿ ಹಾಕಿದ ಹಾಗೆ. ಆ ಹಳೇ ಹೆಣ್ಣಿನ ಮೊಟ್ಟೆಯ ಚಿತ್ರವನ್ನು ಆಮೇಲಿನವರೊಬ್ಬರು ಬರೆದಿಟ್ಟಿದ್ದರು. ಅದರ ಕಾಲರ್ ಗಿಡ್ಡ, ನಮ್ಮದು ಉದ್ದ. ಎರಡನೇ ಹೆಸರೂ ದಾರಿ ಬಿಟ್ಟಿತು.

ಡಿಎನ್‌ಎ ಮಾಡಿಸಿದರೆ ಸಾಕಾಗಿತ್ತಲ್ಲ ಅಂತ ಬಹಳ ಜನ ಕೇಳುತ್ತಾರೆ. ಮಾಡಿಸಿದೆವು, ಕಾಲು ಕಿತ್ತು ಬೆಂಗಳೂರಿಗೆ ಕಳಿಸಿ. ಬಾರ್‌ಕೋಡ್ ಅಂತ ಬಳಸೋದು ಸಿಒಐ ಜೀನಿನ 658 ಅಕ್ಷರಗಳ ಒಂದು ತುಂಡು. ಮುರಿದ ಗಂಡು ಮತ್ತು ಲ್ಯಾಬಿನ ಹೆಣ್ಣು ಒಂದೇ ಪ್ರಭೇದ ಅಂತ ಅದರಿಂದ ಗಟ್ಟಿಯಾಯಿತು. ಆದರೆ ನೂರು ವರ್ಷದ ಹಿಂದಿನ ಹೆಸರುಗಳಿಗೆ ಯಾರ ಬಳಿಯೂ ಬಾರ್‌ಕೋಡ್ ಇಲ್ಲ. ಹೋಲಿಸೋದು ಯಾವುದರ ಜತೆ? ದುಡ್ಡೂ ಅಷ್ಟಕ್ಕೇ ಮುಗಿದಿತ್ತು, ಹಾಗಾಗಿ ಕಾಳಿ ಕಡೆಯ ಹೆಣ್ಣುಗಳನ್ನು ಕಳಿಸಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ.

ಖಾಲಿ ಚೀಟಿಯ ಲೆಕ್ಕ

ಹೊಸ ಪ್ರಭೇದ ಅನ್ನೋದು ಹೆಚ್ಚುಕಡಿಮೆ ಖಾತ್ರಿಯಾದ ದಿನವೇ ನಾವು ಚೀಟಿಗಳನ್ನು ಟೈಪ್ ಮಾಡೋಕೆ ಕೂತದ್ದು, ಆಗಲೇ ಕಂಡದ್ದು ಮೂರು ಚೀಟಿ ಖಾಲಿ ಅಂತ. ಬಾಲ್‌ಪೆನ್ನಿನ ಬೇರೆ ಚೀಟಿಗಳಲ್ಲಿ ಒತ್ತಿ ಬರೆದ ಗುರುತಾದರೂ ಇತ್ತು, ಓರೆ ಬೆಳಕಿನಲ್ಲಿ ಓದಿದೆವು. ಈ ಮೂರರಲ್ಲಿ ಅದೂ ಇಲ್ಲ.

ಫೀಲ್ಡ್ ನೋಟ್‌ಬುಕ್ ತೆಗೆದೆವು. ಮೊದಲ ರಾತ್ರಿ, ಕಾಳಿ ಹಳ್ಳ: ಸ್ಟೋನ್‌ಫ್ಲೈ 6. ಎರಡನೇ ರಾತ್ರಿ, ಬೇಡ್ತಿ ಹಳ್ಳ: 5. ಒಟ್ಟು 11, ಸೀಸೆಯೂ 11. ಓದೋಕೆ ಬರುವ ಚೀಟಿ ಎಂಟು, ಕಾಳಿಯವು ನಾಲ್ಕು, ಬೇಡ್ತಿಯವು ನಾಲ್ಕು. ಅಂದರೆ ಖಾಲಿ ಮೂರರಲ್ಲಿ ಎರಡು ಕಾಳಿಯವು, ಒಂದು ಬೇಡ್ತಿಯದ್ದು. ಮೂರರಲ್ಲಿ ಒಂದು ಚಂದದ ಗಂಡು, ಎರಡು ಹೆಣ್ಣು. ಗಂಡು ಹೆಣ್ಣು ಯಾವುದು ಅಂತ ಹಳ್ಳದ ದಂಡೆಯಲ್ಲೇ ನೋಡಿ ಬರೆದಿದ್ದರೆ ಲೆಕ್ಕ ಬಗೆಹರಿಯುತ್ತಿತ್ತು. ಬರೆದಿರಲಿಲ್ಲ.

ಹುಡುಗಿಗೆ ಲೆಕ್ಕ ಚುರುಕು.

"ಸರ್, ಮೂರರಾಗ ಎರಡು ಪಾಲು ಅದು ಕಾಳಿ ಹಳ್ಳದ್ದೇ ಐತ್ರಿ. ಕಾಳಿ ಅಂತ ಬರದ್ರ ಆತಲ್ರಿ?"

"ಮೂರರಾಗ ಎರಡು ಅಂದ್ರ ಅದು ಮಟಕಾ ಲೆಕ್ಕ ಆತವ್ವ."

ಅವಳು ಬಿಡಲಿಲ್ಲ. ಫೋನ್ ತೆಗೆದಳು. ಮೊದಲ ರಾತ್ರಿಯ ಒಂದು ಫೋಟೋದಲ್ಲಿ ಧೋತರದ ಮೇಲೆ ಒಂದು ಸ್ಟೋನ್‌ಫ್ಲೈ ಇದೆ, ಟೈಮು ಇದೆ, ಜಾಗವೂ ಇದೆ. ಅದೇ ಇದು ಅಂತ ವಾದ. ಎರಡು ದಿನ ರೆಕ್ಕೆಯ ನರಗಳನ್ನು ಹೋಲಿಸಿ ಕೂತೆವು. ಫೋಟೋ ಮಸುಕು, ರೆಕ್ಕೆ ಮಡಚಿದೆ, ಬಣ್ಣವಂತೂ ನಂಬೋಕೇ ಆಗೋದಿಲ್ಲ. ಆಗಲಿಲ್ಲ. ಆಮೇಲೆ ಡಿಎನ್‌ಎ ಮಾತು ಬಂತು. ಡಿಎನ್‌ಎ ಯಾವ ಜಾತಿ ಅಂತ ಹೇಳುತ್ತದೆ, ಯಾವ ಹಳ್ಳ ಅಂತ ಹೇಳೋದಿಲ್ಲ. ಒಂದೇ ಜಾತಿ ಎರಡೂ ಹಳ್ಳದಲ್ಲಿ ಇರಬಾರದು ಅಂತ ಎಲ್ಲಿದೆ?

ಊರಿನ ಹೆಸರಿಗೆ ಇಷ್ಟೊಂದು ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ ಅನ್ನಿಸಬಹುದು. ನಿಯಮದ ಪ್ರಕಾರ ಹಾಲೋಟೈಪ್ ಸಿಕ್ಕ ಜಾಗವೇ ಆ ಪ್ರಭೇದದ ಮೂಲ ಸ್ಥಳ. ನಾಳೆ ಯಾರಿಗಾದರೂ ಅನುಮಾನ ಬಂದರೆ ಹೊಸ ಮಾದರಿಗೆ ಅವರು ಹೋಗೋದು ಆ ಹಳ್ಳಕ್ಕೇ. ಅಲ್ಲಿ ಬೇರೆ ಜಾತಿ ಸಿಕ್ಕರೆ ಹೆಸರು ಬೇರೆ ಹುಳಕ್ಕೆ ಅಂಟಿಕೊಳ್ಳುತ್ತದೆ. ತಪ್ಪು ಗೊತ್ತಾದರೆ ತಿದ್ದಬಹುದು ನಿಜ, ಗೊತ್ತಾದರೆ ತಾನೇ.

ಈಗ ನಮ್ಮ ಮುಂದೆ ಮೂರು ದಾರಿ. ಚಂದದ ಹುಳಕ್ಕೆ ಕಾಳಿ ಅಂತ ಬರೆಯೋದು. ಇಲ್ಲವೇ ಚೀಟಿ ಸರಿಯಿರುವ ಮುರಿದ ಹುಳವನ್ನೇ ಹಾಲೋಟೈಪ್ ಮಾಡೋದು. ಅದು ಬೇಡ್ತಿಯದ್ದು, ಪೆನ್ಸಿಲ್ ಚೀಟಿ. ಆದರೆ ಅದರ ಜನನಾಂಗ ಹೊರಗೆ ಬಂದಿರಲಿಲ್ಲ. ಡಿಎನ್‌ಎಗೆ ಒಳ್ಳೇದು ಅಂತ ನಾವು 95 ಪರ್ಸೆಂಟ್ ಆಲ್ಕೋಹಾಲಿಗೆ ಹಾಕಿದ್ದೆವು, ಅದರಲ್ಲಿ ಹುಳ ಕಡ್ಡಿಯ ಹಾಗೆ ಸೆಟೆಯುತ್ತದೆ. 70 ಪರ್ಸೆಂಟಿನಲ್ಲಿ ಮೆತ್ತಗಿರುತ್ತದೆ, ಆದರೆ ಡಿಎನ್‌ಎ ಹಾಳಾಗುತ್ತಾ ಹೋಗುತ್ತದೆ. ಒಂದು ಬೇಕಂದರೆ ಇನ್ನೊಂದು ಬಿಡಬೇಕು. ಸೆಟೆದದ್ದನ್ನು ಸಡಿಲಿಸಬೇಕಂದರೆ ಹೊಟ್ಟೆಯ ತುದಿ ಕತ್ತರಿಸಿ 10 ಪರ್ಸೆಂಟ್ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಮೆಲ್ಲಗೆ ಕಾಯಿಸಿ ಸೂಜಿಯಿಂದ ಒಳಗಿನ ಚೀಲ ತಳ್ಳಬೇಕು. ಒಂದು ನಿಮಿಷ ಜಾಸ್ತಿಯಾದರೆ ಹರಿದುಹೋಗುತ್ತದೆ. ನಮ್ಮ ಬಳಿ ಇರೋದೇ ಒಂದು. ಮೂರನೇ ದಾರಿ, ಮುಂದಿನ ನವೆಂಬರ್‌ವರೆಗೆ ಕಾಯೋದು.

ಕಾಯೋಣ ಅಂದೆ. ಹುಡುಗಿಯ ಮುಖ ಸಪ್ಪಗಾಯಿತು. ಅವಳು ಪಿಎಚ್‌ಡಿಗೆ ಅರ್ಜಿ ಹಾಕುವವಳು, ಕೈಯಲ್ಲೊಂದು ಹೊಸ ಪ್ರಭೇದದ ಪೇಪರ್ ಇದ್ದರೆ ಅದರ ತೂಕವೇ ಬೇರೆ. ನನಗೂ ಪ್ರಮೋಷನ್ನಿನ ಪಾಯಿಂಟ್ ಬೇಕಿತ್ತು, ಅದನ್ನು ಮುಚ್ಚಿಡೋದು ಯಾಕೆ. ಸಹೋದ್ಯೋಗಿಯೊಬ್ಬರು "ಅಲ್ರೀ, ಯಾರು ಹೋಗಿ ನೋಡ್ತಾರ ಅದನ್ನ?" ಅಂತ ಚಹಾ ಕುಡಿಯುತ್ತಾ ನಕ್ಕರು. ಆ ಮಾತೇ ನನ್ನನ್ನು ಗಟ್ಟಿ ಮಾಡಿತು ಅನ್ನಬೇಕು. ಯಾರೂ ಹೋಗಿ ನೋಡೋದಿಲ್ಲ ಅನ್ನೋದೇ ತಾನೇ ಭಯ.

ಆ ವರ್ಷ ಸುಮ್ನೆ ಕೂರಲಿಲ್ಲ. ಚಂದದ ಹುಳವನ್ನು ಇಟ್ಟುಕೊಂಡು ಹುಡುಗಿ ಚಿತ್ರ ಬರೆಯೋದನ್ನು ಕಲಿತಳು. ಬೇರೆ ಸಾಮಾನ್ಯ ಪರ್ಲಿಡ್‌ಗಳ ಮೇಲೆ ಪೊಟ್ಯಾಸಿಯಂ ಪ್ರಯೋಗ ಮಾಡಿ ಮಾಡಿ, ಮೊದಲಿನ ಐದಾರು ಹರಿದು, ಆಮೇಲೆ ಕೈ ಕೂತಿತು.

ಎರಡನೇ ನವೆಂಬರ್

ಅದೇ ಎರಡು ಹಳ್ಳ, ಅದೇ ಧೋತರ. ಈ ಸಲ ಪೆನ್ಸಿಲ್ ಐದು, ಶಾರ್ಪ್‌ನರ್ ಎರಡು, ಒಂದನ್ನು ಕೊರಳಿಗೇ ಕಟ್ಟಿಕೊಂಡಿದ್ದಳು. ಬೇಡ್ತಿ ಹಳ್ಳದಲ್ಲಿ ಗಂಡು ಎರಡು, ಕಾಳಿ ಹಳ್ಳದಲ್ಲಿ ಒಂದು. ಮೂರನ್ನೂ ಅಲ್ಲೇ ಒತ್ತಿ ಜನನಾಂಗ ಹೊರಗೆ ಬಂದದ್ದನ್ನು ಲೆನ್ಸಿನಲ್ಲಿ ನೋಡಿ ಖಾತ್ರಿ ಮಾಡಿಕೊಂಡೆವು.

ಧಾರವಾಡಕ್ಕೆ ಬಂದು ಮೈಕ್ರೋಸ್ಕೋಪಿಗೆ ಇಟ್ಟಾಗ ಬೇಡ್ತಿಯ ಎರಡೂ ಚಂದದ ಹುಳದ ಪಡಿಯಚ್ಚು. ಅದೇ ಮುಳ್ಳಿನ ಸಾಲು, ಅದೇ ಬೋಳು ಜಾಗ. ಕಾಳಿಯದ್ದನ್ನು ಇಟ್ಟಳು. ಸ್ವಲ್ಪ ಹೊತ್ತು ಮಾತೇ ಇಲ್ಲ. "ಸರ್, ಇದು ಬ್ಯಾರೆ ಐತ್ರಿ" ಅಂದಳು. ನಾನೂ ನೋಡಿದೆ. ಮುಳ್ಳು ಗೊಂಚಲಾಗಿ ತುದಿಯಲ್ಲಿದ್ದವು, ಸಾಲೇ ಇರಲಿಲ್ಲ.

ಅಂದರೆ ಮೂರರಲ್ಲಿ ಎರಡು ಪಾಲು ಅಂತ ನಂಬಿ ಕಾಳಿ ಅಂತ ಬರೆದಿದ್ದರೆ, ನಮ್ಮ ಪ್ರಭೇದದ ಮೂಲ ಸ್ಥಳ ಅಂತ ಬೇರೆಯೇ ಒಂದು ಸ್ಟೋನ್‌ಫ್ಲೈ ಇರುವ ಹಳ್ಳವನ್ನು ತೋರಿಸಿದಂತಾಗುತ್ತಿತ್ತು. ಚಂದದ ಹುಳ ಬೇಡ್ತಿಯದ್ದೇ ಅಂತ ಈಗಲೂ ನಾನು ಬರೆದುಕೊಡೋದಿಲ್ಲ, ಬೇಡ್ತಿಯ ಜಾತಿ ಕಾಳಿಯಲ್ಲೂ ಅಲ್ಲೊಂದು ಇಲ್ಲೊಂದು ಇರಬಹುದು. ಆದರೆ ಬಾಜಿ ಕಟ್ಟು ಅಂದರೆ ಯಾವ ಕಡೆ ಕಟ್ಟುತ್ತೇನೆ ಅನ್ನೋದು ಬದಲಾಗಿದೆ.

ಇನ್ನೊಂದು ಪೆಟ್ಟು ಇದಕ್ಕಿಂತ ದೊಡ್ಡದು. ಮೊದಲ ವರ್ಷ ಕಾಳಿಯ ನಾಲ್ಕು ಹೆಣ್ಣುಗಳನ್ನೂ ನಾವು ನಮ್ಮ ಪ್ರಭೇದದ ಪ್ಯಾರಾಟೈಪ್ ಪಟ್ಟಿಗೆ, ಅಂದರೆ ಹಾಲೋಟೈಪಿನ ಜತೆ ಹೆಸರಿಸುವ ಉಳಿದ ಮಾದರಿಗಳ ಪಟ್ಟಿಗೆ, ಸೇರಿಸಿ ಕರಡು ಬರೆದಿಟ್ಟಿದ್ದೆವು, ಹೊರಗೆ ನೋಡೋಕೆ ಒಂದೇ ಥರ ಇವೆ ಅಂತ. ದುಡ್ಡು ಕೂಡಿಸಿ ಅವುಗಳ ಕಾಲು ಈಗ ಬೆಂಗಳೂರಿಗೆ ಕಳಿಸಿದೆವು. ನಾಲ್ಕೂ ಕಾಳಿಯ ಗಂಡಿನ ಜತೆ ಹೋದವು, ನಮ್ಮದರ ಜತೆ ಒಂದೂ ಇಲ್ಲ. ಅಳತೆಗಳು, ರೆಕ್ಕೆಯ ಉದ್ದ, ಹೆಣ್ಣಿನ ಎಂಟನೇ ಖಂಡದ ಆಕಾರ, ಅವನ್ನು ಸೇರಿಸಿ ಬರೆದದ್ದೆಲ್ಲ ಅಳಿಸಿ ಮತ್ತೆ ಬರೆದೆವು. ಕಾಳಿಯದ್ದು ಹೊಸದೋ ಹಳೇದೋ ಅನ್ನೋದು ಬೇರೆ ಕೆಲಸ, ಒಂದೇ ಗಂಡು ಇಟ್ಟುಕೊಂಡು ಅದಕ್ಕೆ ಕೈ ಹಾಕೋದಿಲ್ಲ.

ಹೆಸರಿನ ಜಗಳ

ಸುದ್ದಿ ಕಾಲೇಜಿನಲ್ಲಿ ಹಬ್ಬಿದ ಮೇಲೆ ಹಿರಿಯರೊಬ್ಬರು ಸ್ಟಾಫ್ ರೂಮಿನಲ್ಲಿ ಹಿಡಿದುಕೊಂಡರು. ಧಾರವಾಡದ ಹೆಸರೇ ಇಡಬೇಕು ಅಂತ. ಬೇಡ್ತಿಗೆ ಹೋಗುವ ಶಾಲ್ಮಲಾ ಹುಟ್ಟೋದು ನಮ್ಮ ಸೋಮೇಶ್ವರ ಗುಡಿ ಹತ್ತಿರ, ಹಂಗಾಗಿ ಹುಳಾನೂ ನಮ್ಮೂರದ್ದೇ ಅಂತ ಅವರ ತರ್ಕ. ಪೇಢೆ ತಂದಿದ್ದರು, ಜಗಳ ಆಡೋಕೂ ಮನಸ್ಸಾಗಲಿಲ್ಲ. ನಿಯಮ ಇದನ್ನು ತಡೆಯೋದಿಲ್ಲ, ಊರಿನ ಹೆಸರಿಗೆ ಎನ್ಸಿಸ್ ಸೇರಿಸಿದರೆ ವ್ಯಾಕರಣಕ್ಕೂ ಸರಿ. ನಿಯೋಪರ್ಲಾ ಸ್ತ್ರೀಲಿಂಗ, ಎನ್ಸಿಸ್ ಸ್ತ್ರೀಲಿಂಗಕ್ಕೂ ಪುಲ್ಲಿಂಗಕ್ಕೂ ಒಂದೇ. ಆದರೆ ಧಾರವಾಡದಲ್ಲಿ ಸಿಗದ ಹುಳಕ್ಕೆ ಧಾರವಾಡದ ಹೆಸರಿಟ್ಟರೆ ಮುಂದೆ ಯಾರೋ ಪಾಪ ಬಸ್ ಹಿಡಿದು ಇಲ್ಲಿಗೆ ಬಂದು ಉಣಕಲ್ ನಾಲಾದಲ್ಲಿ ಜಾಲರಿ ಹಾಕಿಯಾರು. ಆ ಚಿತ್ರ ಹೇಳಿದ ಮೇಲೆ ಹಿರಿಯರು ನಕ್ಕು ಬಿಟ್ಟರು. ಕೊನೆಗೆ ಹೆಸರು ಆರಿಸಿದ್ದು ಹುಡುಗಿಯೇ. ಮುಳ್ಳಿನ ಸಾಲು ಅವಳಿಗೆ ನೆನಪಿಸಿದ ಒಂದು ವಸ್ತುವಿನ ಹೆಸರು, ಅಷ್ಟು ಮಾತ್ರ ಹೇಳಬಹುದು.

ಈಗ ಎಲ್ಲಿದೆ

ಹಾಲೋಟೈಪ್ ಎರಡನೇ ವರ್ಷದ ಬೇಡ್ತಿ ಗಂಡುಗಳಲ್ಲಿ ಒಂದು. ಇನ್ನೊಂದು ಗಂಡು, ಕಾಲಿಲ್ಲದ ಮೊದಲ ವರ್ಷದ ಗಂಡು, ಪೊರೆಯ ಸಮೇತ ಲ್ಯಾಬಿನ ಹೆಣ್ಣು, ಇವೆಲ್ಲ ಪ್ಯಾರಾಟೈಪ್. ಮಾದರಿಗಳನ್ನು ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಗೆ ಕೊಡಬೇಕು. 2002ರ ಜೀವವೈವಿಧ್ಯ ಕಾಯ್ದೆಯಲ್ಲೇ ಇದೆ, ಹೊಸ ಪ್ರಭೇದ ಕಂಡವರು ಅದಕ್ಕೆಂದು ಗೊತ್ತುಮಾಡಿದ ಭಂಡಾರಕ್ಕೆ ತಿಳಿಸಿ ಮಾದರಿ ಒಪ್ಪಿಸಬೇಕು ಅಂತ. ಅವರ ಪಶ್ಚಿಮ ಕೇಂದ್ರ ಪುಣೆಯಲ್ಲಿದೆ. ಆಲ್ಕೋಹಾಲ್ ತುಂಬಿದ ಸೀಸೆಯನ್ನು ಕೊರಿಯರಿನವರು ಮುಟ್ಟೋದಿಲ್ಲ, ಹಾಗಾಗಿ ಒದ್ದೆ ಹತ್ತಿಯಲ್ಲಿ ಸುತ್ತಿ ನಾನೇ ಹೋಗಬೇಕು. ಆನ್‌ಲೈನಿನಲ್ಲೇ ಬರುವ ಪತ್ರಿಕೆಯಾದ್ದರಿಂದ ಪ್ರಾಣಿಗಳ ಹೆಸರು ದಾಖಲಿಸುವ ಜೂಬ್ಯಾಂಕ್ ಅನ್ನೋ ಆನ್‌ಲೈನ್ ದಾಖಲೆಯಲ್ಲಿ ಮೊದಲೇ ನೋಂದಣಿಯೂ ಆಗಬೇಕು. ಪ್ರಾಣಿಗಳ ಹೆಸರಿನ ನಿಯಮಕ್ಕೆ ಆದ 2012ರ ತಿದ್ದುಪಡಿಯಿಂದ ಬಂದ ಷರತ್ತು ಅದು, ನೋಂದಣಿ ಸಂಖ್ಯೆ ಪೇಪರಿನೊಳಗೇ ಇಲ್ಲದಿದ್ದರೆ ಹೆಸರು ಲೆಕ್ಕಕ್ಕೆ ಇಲ್ಲ.

ಹೋದ ವಾರ ಪರಿಶೀಲಕರ ಪತ್ರ ಬಂತು. ಒಬ್ಬರು ಹತ್ತನೇ ಖಂಡದ ಕೊಕ್ಕೆಯನ್ನು ಪಕ್ಕದಿಂದಲೂ ಬರೆಯಿರಿ ಅಂದಿದ್ದಾರೆ. ಇನ್ನೊಬ್ಬರು ಕರಡಿನ ಕೊನೆಯಲ್ಲಿ, ಸ್ಥಳ ಗೊತ್ತಿಲ್ಲದ ಒಂದು ಗಂಡು ಇದೆ, ಅದನ್ನು ಮಾದರಿಗಳ ಪಟ್ಟಿಗೆ ಸೇರಿಸಿಲ್ಲ ಅಂತ ನಾವು ಬರೆದ ಸಾಲಿನ ಪಕ್ಕದಲ್ಲಿ, "ಯಾಕೆ ಸ್ಥಳ ಗೊತ್ತಿಲ್ಲ, ವಿವರಿಸಿ" ಅಂತ ಬರೆದಿದ್ದಾರೆ. ಹುಡುಗಿ ಈಗ ಬೆಂಗಳೂರಿನಲ್ಲಿದ್ದಾಳೆ, ಫೋನ್ ಮಾಡಿ ಕೇಳಿದೆ, ಏನಂತ ಬರೆಯೋಣ ಅಂತ.

"ಇದ್ದದ್ದು ಇದ್ದಂಗ ಬರೀರಿ ಸರ್, ಬಾಲ್‌ಪೆನ್ ಅಂತ" ಅಂದಳು.